ಗೀರಿಗಲ್ಲ, ನೀರಿಗೆ ಹೆದರಿ

ನವೆಂಬರ್ ಕೊನೆಯ ಹೊತ್ತಿಗೆ ನನ್ನ ಫೋನಿಗೆ ಒಂದೇ ಬಗೆಯ ಚಿತ್ರಗಳು ಬರತೊಡಗುತ್ತವೆ. ಗ್ಯಾರೇಜಿನ ನೆಲದ ಮೇಲೆ ಮಗುಚಿ ಮಲಗಿಸಿದ ಸ್ಕೀ, ಅದರ ಕಪ್ಪು ತಳದಲ್ಲೊಂದು ಗೀರು, ಗೀರಿನ ಪಕ್ಕ ಅಳತೆ ತಿಳಿಯಲೆಂದು ಇಟ್ಟ ನಾಣ್ಯ. ಕೆಳಗೊಂದು ಪ್ರಶ್ನೆ: "ಸರ್, ಇದನ್ನ ಮನೇಲೇ ಸರಿ ಮಾಡಬಹುದಾ, ಅಂಗಡಿಗೇ ಕೊಡಬೇಕಾ?" ಡೆನ್ವರ್, ಸಾಲ್ಟ್ ಲೇಕ್ ಸಿಟಿ, ಸಿಯಾಟಲ್, ಮ್ಯೂನಿಕ್, ಜ್ಯೂರಿಕ್ ಎಂದು ಕನ್ನಡಿಗರು ಕೆಲಸ ಹಿಡಿದು ನೆಲೆಸಿದ ಊರುಗಳಲ್ಲಿ ಹಿಮದ ಬೆಟ್ಟಕ್ಕೆ ಹತ್ತಿರದವು ಎಷ್ಟೋ ಇವೆ. ಮೊದಲು ಮಕ್ಕಳು ಕಲಿಯುತ್ತಾರೆ. ಅವರನ್ನು ಕಾಯಲು ಹೋದ ಅಪ್ಪ ಅಮ್ಮ ಚಳಿಯಲ್ಲಿ ನಿಂತು ನಿಂತು ಬೇಸತ್ತು ತಾವೂ ಕಲಿಯುತ್ತಾರೆ. ಬಾಡಿಗೆ ಸ್ಕೀ ತೊಡುವಷ್ಟು ಕಾಲ ಅದರ ತಳವನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಸ್ವಂತದ್ದು ಕೊಂಡ ಮೇಲೆ ಮಾತ್ರ ಮೊದಲ ಕಲ್ಲು ತಗುಲಿದ ಸದ್ದು ನೇರ ಎದೆಗೇ ಕೇಳುತ್ತದೆ.

ಕಲ್ಲು ತಗುಲುವುದಕ್ಕೆ ಜಾರುವವರ ಅಜಾಗರೂಕತೆಯೇ ಕಾರಣವಾಗಬೇಕಿಲ್ಲ. ನಾನಿರುವ ಕೊಲರಾಡೊದಲ್ಲಿ ಲವ್‌ಲ್ಯಾಂಡ್, ಅರಾಪಹೋ ಬೇಸಿನ್‌ನಂಥ ಎತ್ತರದ ಸ್ಕೀ ತಾಣಗಳು ಹೆಚ್ಚಿನ ವರ್ಷಗಳಲ್ಲಿ ಅಕ್ಟೋಬರಿನಲ್ಲೇ ಬಾಗಿಲು ತೆರೆಯುತ್ತವೆ. ಆಗ ಅಲ್ಲಿರುವುದು ಯಂತ್ರದಿಂದ ಹಾಯಿಸಿದ ಹಿಮದ ಒಂದೆರಡು ಪಟ್ಟಿ ಅಷ್ಟೆ. ಡಿಸೆಂಬರಿನಲ್ಲಿ ನಿಜವಾದ ಹಿಮ ಬಿದ್ದಾಗ ಇಡೀ ಬೆಟ್ಟ ಬೆಳ್ಳಗಾಗಿ ಕರೆಯುತ್ತದೆ. ಆದರೆ ರಾಕಿ ಪರ್ವತಗಳ ಹಿಮ ಒಣ, ಹಗುರ. ಅಡಿಗಟ್ಟಲೆ ಬಿದ್ದರೂ ಅದು ಕಲ್ಲನ್ನು ಕಣ್ಣಿಂದ ಮರೆಮಾಡುತ್ತದೆಯೇ ಹೊರತು ಮೈಭಾರವನ್ನು ತಡೆದು ನಿಲ್ಲಿಸುವುದಿಲ್ಲ. ವಸಂತದಲ್ಲಿ ಹಿಮ ಇಳಿದಾಗ ಅವೇ ಕಲ್ಲುಗಳು ಮತ್ತೆ ತಲೆಯೆತ್ತುತ್ತವೆ. ನಮ್ಮ ಹಿಮಾಲಯದಲ್ಲೂ ಈ ತಾಪತ್ರಯ ತಪ್ಪಿದ್ದಲ್ಲ. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಸಾಕಷ್ಟು ಹಿಮವಿಲ್ಲದೆ ಮಾರ್ಚ್‌ಗೆ ಮುಂದೆ ಹೋಯಿತು. ಹಿಮ ತೆಳುವಾದ ವರ್ಷ ಸ್ಕೀ ತಳಕ್ಕೆ ಕೆಟ್ಟ ವರ್ಷ.

ಚಿತ್ರ ಕಳಿಸಿದವರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: "ಗೀರಿನ ಅಡಿಯಲ್ಲಿ ಯಾವ ಬಣ್ಣ ಕಾಣುತ್ತದೆ?" ಗೀರು ಎಷ್ಟು ಉದ್ದ, ಎಷ್ಟು ಅಗಲ ಎಂಬುದೆಲ್ಲ ಆಮೇಲಿನ ಮಾತು. ಅಡಿಯೂ ತಳದ ಬಣ್ಣವೇ ಇದ್ದರೆ ನೆಮ್ಮದಿಯಿಂದ ಕಾಫಿ ಕುಡಿಯಬಹುದು. ಬೇರೆ ಬಣ್ಣ ಕಂಡರೆ ಆ ಸ್ಕೀಯನ್ನು ಮತ್ತೆ ಹಿಮಕ್ಕೆ ಇಳಿಸುವ ಮುನ್ನ ಕೆಲಸವಿದೆ. ಮನೆಯ ರಿಪೇರಿಯ ಮುಕ್ಕಾಲು ಪಾಲು ವಿವೇಕ ಇಷ್ಟರಲ್ಲೇ ಅಡಗಿದೆ. ಕಾರಣ ತಿಳಿಯಬೇಕಾದರೆ ಸ್ಕೀಯ ಒಳಗೆ ಏನೇನಿದೆ ಎಂದು ಸ್ವಲ್ಪ ನೋಡಬೇಕು.

ಮೇಲಿನಿಂದ ನೋಡಿದರೆ ಸ್ಕೀ ಒಂದೇ ಹಲಗೆ. ಅಡ್ಡಕ್ಕೆ ಕೊಯ್ದರೆ ಪದರ ಪದರ. ನಡುವೆ ಪಾಪ್ಲರ್, ಆಶ್, ಬೀಚ್‌ನಂಥ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ತಿರುಳು. ಅದರ ಮೇಲೆ ಕೆಳಗೆ ಎಪಾಕ್ಸಿಯಲ್ಲಿ ಕೂರಿಸಿದ ಗಾಜಿನ ನಾರು, ಅಂದರೆ ಫೈಬರ್‌ಗ್ಲಾಸ್. ಕೆಲವು ಮಾದರಿಗಳಲ್ಲಿ ಟೈಟಾನಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಯೂ ಉಂಟು. ಎರಡೂ ಅಂಚಿಗೆ ಉಕ್ಕಿನ ಎಡ್ಜ್. ಇಷ್ಟರ ಕೆಳಗೆ, ಹಿಮವನ್ನು ಮುಟ್ಟುವ ಕಡೆ, ಒಂದೂವರೆ ಮಿಲಿಮೀಟರ್ ಆಸುಪಾಸು ದಪ್ಪದ ಪ್ಲಾಸ್ಟಿಕ್ ಹಾಳೆ. ಇದೇ ಬೇಸ್. ಕಲ್ಲು ಆ ಹಾಳೆಯೊಳಗೇ ಗೀರಿ ಹೋದರೆ ಅದು ಗೀರು. ಹಾಳೆಯನ್ನು ಸೀಳಿ ಫೈಬರ್‌ಗ್ಲಾಸಿನ ಬಿಳುಪನ್ನೋ, ಲೋಹದ ಹೊಳಪನ್ನೋ, ಮರವನ್ನೋ ತೋರಿಸಿದರೆ ಅದಕ್ಕೆ ಸ್ಕೀ ಜಗತ್ತಿನಲ್ಲಿ ಕೋರ್ ಶಾಟ್ ಎನ್ನುತ್ತಾರೆ.

ಆ ಪ್ಲಾಸ್ಟಿಕ್ ಸಾಮಾನ್ಯದ್ದಲ್ಲ. ಹಾಲಿನ ಪೊಟ್ಟಣದ್ದೂ ಇದೇ ಪಾಲಿಥಿನ್ ಕುಲವೇ, ಆದರೆ ಇದರ ಅಣುಸರಪಳಿಗಳು ಅತಿ ಉದ್ದ; ಒಳ್ಳೆಯ ಬೇಸ್‌ಗಳಲ್ಲಿ ಅಣುತೂಕ ಹತ್ತಾರು ಲಕ್ಷ. ಅಷ್ಟು ಉದ್ದದ ಸರಪಳಿಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿರುವುದರಿಂದ 135 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿದರೂ ಅದು ಹರಿಯುವುದಿಲ್ಲ, ಮೆತ್ತಗಾಗಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಅಚ್ಚಿಗೆ ಸುರಿಯುವಂತಿಲ್ಲ. ಪುಡಿಯನ್ನು ಬಿಸಿ ಮತ್ತು ಒತ್ತಡದಲ್ಲಿ ಒಂದಾಗಿಸಿ ದೊಡ್ಡ ದಿಂಡು ಮಾಡಿ, ಆ ದಿಂಡನ್ನು ತಿರುಗಿಸುತ್ತ ಬ್ಲೇಡಿನಿಂದ ತೆಳ್ಳಗೆ ಸುಲಿದು ಹಾಳೆ ತೆಗೆಯುತ್ತಾರೆ. ಇದು ಸಿಂಟರ್ಡ್ ಬೇಸ್. ಅಗ್ಗದ ಸ್ಕೀಗಳಲ್ಲಿ ಕಡಿಮೆ ಅಣುತೂಕದ ಪಾಲಿಥಿನ್ನನ್ನು ಕರಗಿಸಿ ಸಂದಿಯ ಮೂಲಕ ತಳ್ಳಿ ಹಾಳೆ ಮಾಡುತ್ತಾರೆ. ಅದು ಎಕ್ಸ್‌ಟ್ರೂಡೆಡ್ ಬೇಸ್. ಮೊದಲನೆಯದು ಗಟ್ಟಿ, ಮೇಣವನ್ನು ಚೆನ್ನಾಗಿ ಹಿಡಿದಿಡುತ್ತದೆ. ಎರಡನೆಯದು ಮೆದು, ಆದರೆ ತೇಪೆಗೆ ಬೇಗ ಒಗ್ಗುತ್ತದೆ. ಕಪ್ಪು ಬಣ್ಣ ಬರುವುದು ಒಳಗೆ ಬೆರೆಸಿದ ಇಂಗಾಲದ ಪುಡಿಯಿಂದ, ಕೆಲವದರಲ್ಲಿ ಗ್ರಾಫೈಟ್‌ನಿಂದ. ಪಿ-ಟೆಕ್ಸ್ ಎಂದು ಎಲ್ಲರ ಬಾಯಲ್ಲಿರುವುದು ಸ್ವಿಟ್ಜರ್ಲೆಂಡಿನ ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಈಗ ಇಡೀ ಜಾತಿಗೇ ಅದು ಅಂಟಿಕೊಂಡಿದೆ.

ಇನ್ನು ಗೀರಿನಿಂದ ಸ್ಕೀ ನಿಧಾನವಾಗುತ್ತದೆ ಎಂಬ ಭಯ. ಚಿತ್ರ ಕಳಿಸುವವರಲ್ಲಿ ಹೆಚ್ಚಿನವರ ಚಿಂತೆ ಇದೇ. 1939ರಲ್ಲಿ ಬೌಡೆನ್ ಮತ್ತು ಹ್ಯೂಸ್ ಎಂಬ ಇಬ್ಬರು ವಿಜ್ಞಾನಿಗಳು ಹಿಮದ ಮೇಲಿನ ಜಾರಿಕೆಯ ಗುಟ್ಟನ್ನು ಪರೀಕ್ಷಿಸಿದರು; ಅವರ ಪ್ರಯೋಗಗಳ ಒಂದು ಭಾಗ ಸ್ವಿಸ್ ಆಲ್ಪ್ಸ್‌ನ ಯುಂಗ್‌ಫ್ರೌಯೋಕ್‌ನಲ್ಲಿ ನಡೆಯಿತು. ಸ್ಕೀ ಜಾರುವುದು ಮೈಭಾರದ ಒತ್ತಡಕ್ಕೆ ಹಿಮ ಕರಗುವುದರಿಂದ ಎಂಬ ನಂಬಿಕೆ ಅಲ್ಲಿಯವರೆಗೆ ಬಲವಾಗಿತ್ತು. ಉಜ್ಜಿಕೆಯ ಬಿಸಿಗೆ ಹಿಮದ ಮೇಲ್ಮೈ ಒಂದಿಷ್ಟು ಕರಗಿ ಹುಟ್ಟುವ ತೆಳು ನೀರಿನ ಪೊರೆಯೇ ಮುಖ್ಯ ಕಾರಣ ಎಂದು ಅವರು ತೋರಿಸಿದರು. ಆ ನೀರು ಕಡಿಮೆಯಾದರೆ ಹಿಮದ ಹರಳು ತಳವನ್ನು ಕಚ್ಚುತ್ತದೆ, ಹೆಚ್ಚಾದರೆ ನೀರೇ ತಳವನ್ನು ಹೀರಿ ಹಿಡಿಯುತ್ತದೆ. ಈ ಹಿಡಿತ ಬಿಡಿಸಲೆಂದೇ ಕಾರ್ಖಾನೆಯಲ್ಲೂ ಅಂಗಡಿಯಲ್ಲೂ ಕಲ್ಲಿನ ಚಕ್ರದಿಂದ ತಳದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಕೊರೆಯುತ್ತಾರೆ. ಅಂದರೆ ಹೊಸ ಸ್ಕೀಯ ತಳವೂ ನುಣುಪಾಗಿರುವುದಿಲ್ಲ, ಅದರ ತುಂಬ ಬೇಕೆಂದೇ ಮಾಡಿದ ಗೀರುಗಳಿವೆ.

ಹಾಗಾದ ಮೇಲೆ ತುದಿಯಿಂದ ಬಾಲದ ಕಡೆಗೆ ಓಡುವ ಒಂದು ಆಳವಿಲ್ಲದ ಗೀರು ನಿಮ್ಮ ವೇಗವನ್ನು ಎಷ್ಟು ತಾನೇ ತಿನ್ನುತ್ತದೆ? ಸ್ಪರ್ಧೆಗೆ ಇಳಿಯದವರಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಎರಡು ಬಗೆಯ ಗಾಯ. ಒಂದು, ಅಡ್ಡಡ್ಡ ಕೊಯ್ದದ್ದು. ಇನ್ನೊಂದು, ಗೀರಿನ ಇಕ್ಕೆಲದಲ್ಲಿ ಪ್ಲಾಸ್ಟಿಕ್ ಮೇಲೆದ್ದು ದಿಬ್ಬವಾದದ್ದು. ದಿಬ್ಬಕ್ಕೆ ಮದ್ದು ತುಂಬುವುದಲ್ಲ, ಕೀಸುವುದು. ಹರಿತವಾದ ಲೋಹದ ಸ್ಕ್ರೇಪರ್ ಹಿಡಿದು ತುದಿಯಿಂದ ಬಾಲದ ಕಡೆಗೆ ನಾಲ್ಕಾರು ಬಾರಿ ಎಳೆದು, ಬೆರಳಿಗೆ ಏನೂ ತಡೆಯದಂತಾದರೆ ಕೆಲಸ ಮುಗಿಯಿತು. ಉಗುರನ್ನು ಅಡ್ಡ ಎಳೆದಾಗ ಸಿಕ್ಕಿಕೊಳ್ಳದ ಗೀರನ್ನು ನಾನು ಮುಟ್ಟುವುದೇ ಇಲ್ಲ. ಎಲ್ಲ ಗೀರನ್ನೂ ತುಂಬಿ ತಳವನ್ನು ಕನ್ನಡಿ ಮಾಡಬೇಕೆಂಬ ಹಟ ಕೆಲವರಿಗಿದೆ. ಆ ಹಟಕ್ಕೆ ಪ್ರತಿ ಸಲ ಬಲಿಯಾಗುವುದು ಇರುವ ಒಂದೂವರೆ ಮಿಲಿಮೀಟರಿನದೇ ಒಂದಂಶ.

ಹೆದರಬೇಕಾದದ್ದು ಒಳಗಿಳಿಯುವ ನೀರಿಗೆ. ಕೋರ್ ಶಾಟ್ ಆದ ಸ್ಕೀಯಲ್ಲಿ ಅದೇ ಜಾರಿಸುವ ನೀರು ಫೈಬರ್‌ಗ್ಲಾಸಿನ ಸಂದಿಯಲ್ಲಿ ಇಳಿದು ಮರವನ್ನು ಮುಟ್ಟುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದಲ್ಲ, ಸ್ಕೀಯ ತಿರುಳೂ ಹಾಗೇ ಉಬ್ಬುತ್ತದೆ. ಬಾಗಿಲಾದರೆ ಬೇಸಿಗೆಗೆ ಒಣಗಿ ಸರಿಹೋದೀತು. ಸ್ಕೀಯಲ್ಲಿ ಉಬ್ಬಿದ ಮರ ಪದರಗಳ ಅಂಟನ್ನೇ ಬಿಡಿಸುತ್ತದೆ, ರಾತ್ರಿ ಒಳಗಿನ ನೀರು ಹೆಪ್ಪುಗಟ್ಟಿ ಸಂದಿಯನ್ನು ಇನ್ನಷ್ಟು ಅಗಲಿಸುತ್ತದೆ. ಗಾಯ ಎಡ್ಜಿನ ಪಕ್ಕದಲ್ಲಿದ್ದರೆ ಉಕ್ಕಿನ ಬುಡಕ್ಕೆ ತುಕ್ಕು ಹಿಡಿದು, ಒಂದು ದಿನ ಎಡ್ಜೇ ಕಿತ್ತು ಬರುತ್ತದೆ. ಪ್ಲಾಸ್ಟಿಕ್ ತಳ ಬರುವ ಮೊದಲು, ಅಂದರೆ 1950ರ ದಶಕದ ಮಧ್ಯಭಾಗದವರೆಗೆ, ಬರಿಯ ಮರದ ಸ್ಕೀಗಳ ಕಾಲದಲ್ಲೂ ಹಳಬರ ಚಿಂತೆ ಇದೇ ಆಗಿತ್ತು. ನಾರ್ವೆಯವರು ಪೈನ್ ಮರದ ಟಾರನ್ನು ಬಿಸಿ ಮಾಡಿ ಸ್ಕೀ ತಳಕ್ಕೆ ಕುಡಿಸುತ್ತಿದ್ದುದು ಮೊದಲಾಗಿ ಮರಕ್ಕೆ ನೀರು ಸೋಂಕದಿರಲಿ ಎಂದು; ಜಾರಿಕೆಯ ಮೇಣದ ಲೆಕ್ಕಾಚಾರವೆಲ್ಲ ಅದರ ಮೇಲಿನದು. ಮನೆಯ ರಿಪೇರಿಯನ್ನೂ ಅದೇ ಕ್ರಮದಲ್ಲಿ ಯೋಚಿಸಿ. ಮೊದಲು ನೀರಿನ ದಾರಿ ಮುಚ್ಚಬೇಕು, ಅಂದಚಂದ ಆಮೇಲೆ.

ಈಗ ಕೈಗೆ ಕೆಲಸ. ಉಗುರು ಸಿಕ್ಕುವಷ್ಟು ಆಳವಿರುವ, ಆದರೆ ತಳದ ಬಣ್ಣ ಬದಲಾಗದ ಗಾಯಕ್ಕೆ ಪಿ-ಟೆಕ್ಸ್ ಕ್ಯಾಂಡಲ್ ಸಾಕು. ಹೆಸರು ಕ್ಯಾಂಡಲ್ ಆದರೂ ಅದರಲ್ಲಿ ಬತ್ತಿಯಿಲ್ಲ, ಪೆನ್ಸಿಲ್ ಗಾತ್ರದ ಪ್ಲಾಸ್ಟಿಕ್ ಕಡ್ಡಿ. ಕರಗಿ ಹನಿಯಬೇಕಾದ್ದರಿಂದ ಇದನ್ನು ಕಡಿಮೆ ಸಾಂದ್ರತೆಯ, ಬೇಗ ಕರಗುವ ಪಾಲಿಥಿನ್‌ನಿಂದ ಮಾಡಿರುತ್ತಾರೆ. ತೇಪೆ ಯಾವತ್ತೂ ಮೂಲ ತಳದಷ್ಟು ಗಟ್ಟಿಯಾಗಿರುವುದಿಲ್ಲ ಎಂಬುದು ಇಲ್ಲೇ ತೀರ್ಮಾನವಾಗಿಬಿಡುತ್ತದೆ, ಅದರಲ್ಲಿ ನಿಮ್ಮ ಕೈಗುಣದ ದೋಷವಿಲ್ಲ. ತಳ ಕಪ್ಪಾಗಿದ್ದರೆ ಕಪ್ಪು ಕಡ್ಡಿ, ಬಣ್ಣದ್ದೋ ಪಾರದರ್ಶಕವೋ ಆಗಿದ್ದರೆ ಬಿಳಿ ಕಡ್ಡಿ ಕೊಳ್ಳಿ.

ಹಚ್ಚುವ ಮುನ್ನ ಸ್ಕೀಯನ್ನು ಒಂದು ರಾತ್ರಿ ಮನೆಯೊಳಗಿನ ಬೆಚ್ಚಗಿನ ಜಾಗದಲ್ಲಿಟ್ಟು ಪೂರ್ತಿ ಒಣಗಿಸಬೇಕು. ಗಾಯದ ಸುತ್ತ ಮೇಣ ಉಳಿದಿದ್ದರೆ ತೇಪೆ ಕಚ್ಚುವುದಿಲ್ಲ, ಆದ್ದರಿಂದ ಬೇಸ್ ಕ್ಲೀನರ್ ದ್ರವದಿಂದ ಒರೆಸಿ ತೆಗೆಯಬೇಕು. ಆ ದ್ರವಕ್ಕೆ ಬೆಂಕಿ ತಗುಲಿದರೆ ಭಗ್ಗೆನ್ನುತ್ತದೆ. ಅದು ಆರಿ, ಒರೆಸಿದ ಬಟ್ಟೆ, ಡಬ್ಬಿ ಎರಡೂ ದೂರ ಹೋದ ಮೇಲೆಯೇ ಲೈಟರ್ ಹೊರತೆಗೆಯಿರಿ. ಗೀರಿನ ಅಂಚಿನಲ್ಲಿ ಜೋತಾಡುವ ಪ್ಲಾಸ್ಟಿಕ್ ಎಳೆಗಳನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ. ಬೈಂಡಿಂಗಿನ ಬ್ರೇಕನ್ನು ದಪ್ಪ ರಬ್ಬರ್ ಬ್ಯಾಂಡಿನಿಂದ ಮೇಲಕ್ಕೆ ಕಟ್ಟಿ, ಸ್ಕೀಯನ್ನು ತಳ ಮೇಲಾಗುವಂತೆ ಅಲುಗದೆ ಹಿಡಿದು ನಿಲ್ಲಿಸಿ.

ಇನ್ನು ಬೆಂಕಿ. ಕಡ್ಡಿಯ ತುದಿ ಹೊತ್ತಿಕೊಂಡ ಕೂಡಲೇ ಹಳದಿ ಜ್ವಾಲೆ, ಕಪ್ಪು ಹೊಗೆ, ಮಸಿ ಬೆರೆತ ಹನಿಗಳು ಬರುತ್ತವೆ. ಮಸಿ ಸೇರಿದ ತೇಪೆ ಹುಳುಕು ತೇಪೆ, ನಾಲ್ಕು ದಿನಕ್ಕೆ ಪುಡಿಯಾಗಿ ಉದುರುತ್ತದೆ. ಆದ್ದರಿಂದ ಮೊದಲ ಹನಿಗಳು ತಳದ ಮೇಲೆ ಬೀಳಬಾರದು. ಲೋಹದ ಸ್ಕ್ರೇಪರಿನ ಮೇಲೆ ತುದಿಯನ್ನು ತಾಗಿಸಿ ಹಿಡಿದು, ಕಡ್ಡಿಯನ್ನು ಬೆರಳಲ್ಲಿ ನಿಧಾನ ಹೊರಳಿಸುತ್ತಿದ್ದರೆ ಜ್ವಾಲೆ ತಗ್ಗಿ ನೀಲಿಗೆ ತಿರುಗುತ್ತದೆ, ಹನಿ ಶುದ್ಧವಾಗುತ್ತದೆ. ಆಗ ತುದಿಯನ್ನು ಗಾಯದ ಹತ್ತಿರಕ್ಕೆ, ತಳಕ್ಕೆ ಇನ್ನೇನು ತಾಗಬೇಕು ಅನ್ನುವಷ್ಟು ಸಮೀಪಕ್ಕೆ ತಂದು ತುಂಬಿಸುತ್ತ ಹೋಗಬೇಕು. ಎತ್ತರದಿಂದ ಹನಿಸಿದರೆ ಮಸಿ ಮತ್ತೆ ಶುರು. ಮಸಿ ಕಂಡರೆ ಸ್ಕ್ರೇಪರಿಗೆ ಮರಳಿ, ಶುದ್ಧ ಮಾಡಿಕೊಂಡು ಬನ್ನಿ. ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ, ಹಾಗಾಗಿ ಆಳದ ಗಾಯವನ್ನು ಒಂದೇ ಏಟಿಗೆ ತುಂಬಬೇಡಿ. ಒಂದು ಪದರ, ಆರಲು ಬಿಡುವು, ಇನ್ನೊಂದು ಪದರ. ಕೊನೆಯ ಪದರ ತಳದ ಮಟ್ಟಕ್ಕಿಂತ ಸ್ವಲ್ಪ ಮೇಲಿರಲಿ.

ಈ ಹಂತದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಉರಿಯುವ ಪಾಲಿಥಿನ್ ಹನಿ ಚರ್ಮಕ್ಕೆ ಬಿದ್ದರೆ ಕೊಡವಿದರೂ ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಕೈಗೆ ಚರ್ಮದ ಗ್ಲೌಸ್, ಕಾಲಿಗೆ ಮುಚ್ಚಿದ ಶೂ, ಪಕ್ಕದಲ್ಲಿ ಒಂದು ಬಕೆಟ್ ನೀರು, ತೆರೆದ ಗ್ಯಾರೇಜ್ ಬಾಗಿಲು ಇವಿಷ್ಟೂ ಬೇಕು. ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಇದನ್ನು ಮಾಡುವ ಗೆಳೆಯರಿದ್ದಾರೆ. ಕಾರ್ಪೆಟ್ ಮತ್ತು ಹೊಗೆ ಅಲಾರಂ ಎರಡೂ ಇರುವ ಮನೆಯಲ್ಲಿ ಈ ಸಾಹಸ ಬೇಡ ಎಂಬುದು ನನ್ನ ಸಲಹೆ. ಬೆಂಕಿಯಿಲ್ಲದ ದಾರಿಯೂ ಇದೆ. ರಿಬ್ಬನ್ನಿನಂತೆ ಸಿಗುವ ರಿಪೇರಿ ಪಟ್ಟಿಯನ್ನು ಅದಕ್ಕೆಂದೇ ಮಾಡಿದ ಬಿಸಿ ತುದಿಯ ಉಪಕರಣದಿಂದ ಗಾಯದೊಳಗೆ ಒತ್ತಿ ಕರಗಿಸುವುದು. ಬೆಂಕಿಯೇ ಇಲ್ಲದ್ದರಿಂದ ಮಸಿಯ ಪ್ರಶ್ನೆಯೂ ಇಲ್ಲ, ತೇಪೆ ಹೆಚ್ಚು ಬಾಳುತ್ತದೆ. ಖರ್ಚು ಸ್ವಲ್ಪ ಜಾಸ್ತಿ.

ತುಂಬಿದ ಮೇಲೆ ಬೇಕಾದದ್ದು ತಾಳ್ಮೆ. ಮೇಲ್ಮೈ ಬೇಗ ತಣಿದರೂ ಒಳಗೆ ಬಿಸಿ ಉಳಿದಿರುತ್ತದೆ. ಬಿಸಿಯಿರುವಾಗಲೇ ಕೀಸಲು ಹೋದರೆ ಬ್ಲೇಡಿನ ಜೊತೆ ತೇಪೆಯೇ ಎದ್ದು ಬರುತ್ತದೆ. ಬಿಸಿ ಆರಲು ಅರ್ಧ ಗಂಟೆ ಬಿಟ್ಟು, ಲೋಹದ ಸ್ಕ್ರೇಪರನ್ನು ಎರಡೂ ಕೈಯಲ್ಲಿ ಹಿಡಿದು, ತುದಿಯಿಂದ ಬಾಲದ ಕಡೆಗೆ ಸುರುಳಿ ಸುರುಳಿಯಾಗಿ ತೆಗೆಯುತ್ತ ಬನ್ನಿ. ತೆಗೆಯಬೇಕಾದ್ದು ಮೇಲೆ ನಿಂತ ಉಬ್ಬನ್ನು ಮಾತ್ರ, ಸುತ್ತಲಿನ ತಳವನ್ನಲ್ಲ. ನಡುನಡುವೆ ಒಂದು ನೇರ ಪಟ್ಟಿಯನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿದು ನೋಡಿದರೆ ಉಬ್ಬು ತಗ್ಗು ತಿಳಿಯುತ್ತದೆ. ಕೊನೆಗೆ ಮರದ ತುಂಡಿಗೆ ಸುತ್ತಿದ 120ರ, ಆಮೇಲೆ 180ರ ಸ್ಯಾಂಡ್‌ಪೇಪರಿನಿಂದ ಉದ್ದಕ್ಕೇ ಕೆಲವು ಬಾರಿ ಎಳೆದರೆ ತೇಪೆಯ ಮೇಲೂ ಸಣ್ಣ ಗೆರೆಗಳು ಮೂಡಿ ಸುತ್ತಲಿನ ತಳದೊಡನೆ ಬೆರೆಯುತ್ತದೆ. ವೃತ್ತಾಕಾರದಲ್ಲಿ ಉಜ್ಜಬಾರದು. ಹಿಮ ಉದ್ದಕ್ಕೆ ಹರಿಯುತ್ತದೆ, ಗೆರೆಯೂ ಉದ್ದಕ್ಕೇ ಇರಲಿ.

ಬಣ್ಣ ಬದಲಾದ ಗಾಯಕ್ಕೆ ಈ ಉಪಾಯ ನಡೆಯುವುದಿಲ್ಲ. ಪಾಲಿಥಿನ್ ಯಾವುದಕ್ಕೂ ಸುಲಭವಾಗಿ ಅಂಟದ ವಸ್ತು. ಹಿಮ ಅಂಟಿಕೊಳ್ಳದಿರಲಿ ಎಂದು ಅದನ್ನು ಆರಿಸಿದ ಗುಣವೇ ರಿಪೇರಿಯ ಹೊತ್ತಿಗೆ ತಿರುಗಿ ನಿಲ್ಲುತ್ತದೆ. ಕರಗಿದ ಪಾಲಿಥಿನ್ ಇನ್ನೊಂದು ಪಾಲಿಥಿನ್‌ಗೆ ಬೆಸೆಯುತ್ತದೆ, ಫೈಬರ್‌ಗ್ಲಾಸಿಗಾಗಲಿ ಲೋಹಕ್ಕಾಗಲಿ ಬೆಸೆಯುವುದಿಲ್ಲ. ಕೋರ್ ಶಾಟಿನೊಳಗೆ ಕ್ಯಾಂಡಲ್ ಹನಿಸಿದರೆ ನೋಡಲು ಚೆನ್ನಾಗಿಯೇ ಕಾಣುತ್ತದೆ, ಎರಡು ಓಟಕ್ಕೆ ಬಿಲ್ಲೆಯಾಗಿ ಎದ್ದು ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಏಳದೆ ಸಡಿಲವಾಗಿ ಕುಳಿತು ಅಡಿಯಲ್ಲಿ ನೀರು ಹಿಡಿದಿಡುವುದು. ಇಂಥ ಗಾಯಕ್ಕೆ ಮೊದಲು ಲೋಹಕ್ಕೂ ಎಪಾಕ್ಸಿಗೂ ಕಚ್ಚುವ ಬೇರೆ ಬಗೆಯ ಪಾಲಿಮರ್ ಪದರ ಹಾಕಬೇಕು. ಮೆಟಲ್ ಗ್ರಿಪ್ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಬಿಸಿ ಉಪಕರಣದಿಂದ ಅದನ್ನು ಗಾಯದ ಅಡಿಗೆ ಒತ್ತಿ ಕೂರಿಸಿ, ಅದರ ಮೇಲೆ ಪಿ-ಟೆಕ್ಸ್ ತುಂಬುವುದು ಕ್ರಮ.

ಗಾಯ ಅಗಲವಾಗಿದ್ದರೆ ತುಂಬುವ ಮಾತು ಬಿಟ್ಟು ತುಂಡು ಕೂರಿಸಬೇಕು. ಹಾಳಾದ ಭಾಗವನ್ನು ಅಚ್ಚಿಟ್ಟು ಚಾಕುವಿನಿಂದ ಕತ್ತರಿಸಿ ತೆಗೆದು, ಅದೇ ಅಚ್ಚಿನಿಂದ ಕತ್ತರಿಸಿದ ಹೊಸ ಬೇಸ್ ತುಂಡನ್ನು ಎಪಾಕ್ಸಿ ಹಚ್ಚಿ ಇಟ್ಟು, ಮೇಲೆ ಮೇಣದ ಕಾಗದ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕ್ಲ್ಯಾಂಪ್ ಬಿಗಿದು ಒಂದು ದಿನ ಬಿಡುವುದು. ಏನಕ್ಕೂ ಅಂಟದ ಪಾಲಿಥಿನ್‌ಗೆ ಎಪಾಕ್ಸಿ ಹೇಗೆ ಅಂಟೀತು ಎಂದು ಕೇಳಿದರೆ ನೀವು ಜಾಣ ಓದುಗರು. ರಿಪೇರಿಗೆಂದು ಮಾರುವ ತುಂಡುಗಳ ಒಂದು ಮೈಯನ್ನು ಉಜ್ಜಿ, ಜ್ವಾಲೆ ಹಾಯಿಸಿ ಅಂಟು ಹಿಡಿಯುವಂತೆ ಹದ ಮಾಡಿರುತ್ತಾರೆ. ಕೂರಿಸುವಾಗ ಆ ಮೈಯೇ ಕೆಳಗಿರಬೇಕು. ಒಳ್ಳೆಯ ಕೈಗೆ ಇದು ಮನೆಯಲ್ಲೂ ಸಾಧ್ಯ. ನಾನು ಮಾತ್ರ ಇದನ್ನು ಅಂಗಡಿಗೇ ಕೊಡಿ ಎನ್ನುತ್ತೇನೆ, ಮುಖ್ಯವಾಗಿ ಗಾಯ ಎಡ್ಜಿಗೆ ತಾಗಿದ್ದರೆ. ಎಡ್ಜಿನ ಪಕ್ಕ ತೇಪೆಗೆ ಒಂದು ಕಡೆ ಹಿಡಿತವೇ ಸಿಗುವುದಿಲ್ಲ, ಪ್ರತಿ ತಿರುವಿನಲ್ಲೂ ಅಲ್ಲೇ ಭಾರ ಬೀಳುತ್ತದೆ. ಅಂಗಡಿಯವರಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ತುಂಬುವ ಯಂತ್ರವಿದೆ, ಆಮೇಲೆ ಇಡೀ ತಳವನ್ನು ಮಟ್ಟ ಮಾಡುವ ಕಲ್ಲಿನ ಚಕ್ರವಿದೆ. ಅವರು ಕೇಳುವ ಹಣ ಹೊಸ ಸ್ಕೀಯ ಬೆಲೆಯ ಒಂದು ಸಣ್ಣ ಪಾಲು.

ಅಂಗಡಿಗೆ ಒಯ್ಯುವವರೆಗೆ ಸ್ಕೀಯನ್ನು ತೇವದಲ್ಲಿ ಇಡಬಾರದು. ಬೆಟ್ಟದಿಂದ ಬಂದ ದಿನವೇ ಒರೆಸಿ, ಗಾಯ ಮೇಲೆ ಬರುವಂತೆ ಮಲಗಿಸಿ ಒಣಗಿಸಿ. ಕಾರಿನ ಮೇಲೆ ಕಟ್ಟಿಕೊಂಡು ಹೆದ್ದಾರಿಯಲ್ಲಿ ಹೋದರೆ ರಸ್ತೆಗೆ ಹಾಕಿದ ಉಪ್ಪು ನೀರು ಅದೇ ಗಾಯಕ್ಕೆ ಸಿಡಿಯುತ್ತದೆ. ಆದ್ದರಿಂದ ಒಳಗಿಟ್ಟು ಒಯ್ಯಿರಿ. ರಜೆಯ ನಡುವೆ, ಅಂಗಡಿ ದೂರವಿರುವ ಕಡೆ ಪೆಟ್ಟು ತಿಂದರೆ ಚೆನ್ನಾಗಿ ಒಣಗಿಸಿ ಗಟ್ಟಿಯಾಗುವ ಎಪಾಕ್ಸಿಯನ್ನು ತುಂಬಿ ಮಟ್ಟ ಮಾಡಿಕೊಳ್ಳಬಹುದು. ಅದು ಜಾರುವುದಿಲ್ಲ, ಬಾಳುವುದೂ ಇಲ್ಲ. ಎರಡು ಮೂರು ದಿನ ನೀರು ತಡೆದರೆ ಅದರ ಕೆಲಸ ಆಯಿತು.

ತಳಕ್ಕೆ ತಗುಲಿದ ಕಲ್ಲು ಎಡ್ಜನ್ನು ಸವರದೆ ಹೋಗುವುದು ಅಪರೂಪ. ಬೆರಳಿನ ಬದಲು ಒಂದು ಹತ್ತಿಯ ಉಂಡೆಯನ್ನು ಎಡ್ಜಿನುದ್ದಕ್ಕೂ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಲೋಹದ ಮುಳ್ಳು ಎದ್ದಿದೆ. ಅಲ್ಲಿಗೆ ನೇರ ಅರ ಹಾಕಿದರೆ ಜಾರಿಹೋಗುತ್ತದೆ, ಯಾಕೆಂದರೆ ಪೆಟ್ಟು ಬಿದ್ದ ಜಾಗದಲ್ಲಿ ಉಕ್ಕು ಇನ್ನಷ್ಟು ಗಡಸಾಗಿರುತ್ತದೆ. ಹಟಕ್ಕೆ ಬಿದ್ದು ಒತ್ತಿದರೆ ಅರದ ಹಲ್ಲೇ ಹಾಳು. ಮೊದಲು ನೀರು ಹಚ್ಚಿದ ವಜ್ರದ ಪುಡಿಯ ಕಲ್ಲಿನಿಂದ ಮುಳ್ಳನ್ನು ಸವೆಸಿ, ಆಮೇಲೆ ಬೇಕಿದ್ದರೆ ಅರ.

ಕೊನೆಯದು ಮೇಣ. ರಿಪೇರಿಗಾಗಿ ಮೇಣ ತೆಗೆದ ತಳ ಒಣಗಿ ಬೂದುಬಣ್ಣಕ್ಕೆ ತಿರುಗಿರುತ್ತದೆ, ಹಾಗೇ ಬಿಡಬಾರದು. ಇಸ್ತ್ರಿಯ ಬಿಸಿ ಮೇಣದ ಪೊಟ್ಟಣದ ಮೇಲೆ ಬರೆದಷ್ಟೇ ಇರಲಿ, ಸಾಮಾನ್ಯವಾಗಿ 120ರಿಂದ 140 ಡಿಗ್ರಿ. ತಳ ಕರಗುವ ಬಿಸಿಯೂ ಇದೇ ಆಸುಪಾಸಿನದು ಎಂಬುದನ್ನು ಗಮನಿಸಿ. ಕ್ಯಾಂಡಲಿನ ತೇಪೆ ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಇಸ್ತ್ರಿ ಒಂದೇ ಕಡೆ ನಿಲ್ಲದೆ ಸರಿಯುತ್ತಿದ್ದರೆ ಏನೂ ಆಗದು, ಫೋನ್ ಬಂತೆಂದು ನಿಲ್ಲಿಸಿದರೆ ಹೊಸ ರಿಪೇರಿ ಹುಟ್ಟುತ್ತದೆ. ಬಟ್ಟೆಯ ಇಸ್ತ್ರಿಪೆಟ್ಟಿಗೆ ಸಾಲದೇ ಎಂದು ಹಲವರು ಕೇಳುತ್ತಾರೆ. ಅದರ ಬಿಸಿ ಏರಿಳಿಯುತ್ತಲೇ ಇರುತ್ತದೆ, ಹತ್ತಿಬಟ್ಟೆಯ ಗುರುತಿಗೆ ತಿರುಗಿಸಿದರಂತೂ ಇನ್ನೂರು ಡಿಗ್ರಿ ಮುಟ್ಟುತ್ತದೆ. ಮೇಣದಿಂದ ಹೊಗೆ ಎದ್ದರೆ ಬಿಸಿ ಹೆಚ್ಚಾಯಿತೆಂದೇ ಅರ್ಥ. ಹಳೆಯ ಸ್ಕೀ ಜೊತೆ ಯಾರಾದರೂ ಫ್ಲೋರಿನ್ ಬೆರೆತ ಹಳೆಯ ಮೇಣ ಕೊಟ್ಟರೆ ಇಸ್ತ್ರಿಗೆ ತಾಗಿಸಬೇಡಿ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಹಿಮಕ್ಕೆ ಸೇರಿದ ಶೇಷ ಮಣ್ಣಿನಲ್ಲಿ ಅಳಿಯದೆ ಉಳಿಯುತ್ತದೆ. ಅಂತಾರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಫೆಡರೇಷನ್ 2023-24ರ ಋತುವಿನಿಂದ ಸ್ಪರ್ಧೆಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಿದೆ.

ಇಷ್ಟೆಲ್ಲ ಬೆಟ್ಟದಿಂದ ಇಳಿಯುವ ಆಲ್ಪೈನ್ ಸ್ಕೀಗೆ ಹೇಳಿದ ಮಾತು. ಕೊಡಗಿನ ಸ್ಕೀ ಪಟು ಭವಾನಿ ತೆಕ್ಕಡ ನಂಜುಂಡ ಅವರಿಂದಾಗಿ ನಮ್ಮವರಲ್ಲಿ ಕೆಲವರಾದರೂ ಕೇಳಿರುವ ಕ್ರಾಸ್-ಕಂಟ್ರಿ ಸ್ಕೀಯ ಲೆಕ್ಕ ಬೇರೆ. ಅಲ್ಲಿ ಸಮತಟ್ಟಿನಲ್ಲೂ ಏರಿನಲ್ಲೂ ಸ್ವಂತ ಬಲದಿಂದ ಸಾಗಬೇಕಾದ್ದರಿಂದ ಒಂದೊಂದು ಉಜ್ಜಿಕೆಯೂ ದಮ್ಮಿನ ಲೆಕ್ಕಕ್ಕೆ ಬರುತ್ತದೆ. ಸ್ಪರ್ಧೆಯ ಸ್ಕೀ ತೆಳು, ಹಗುರ. ಅದರ ತಳದ ಮೇಲೆ ಗ್ಯಾರೇಜಿನ ಕ್ಯಾಂಡಲ್ ಪ್ರಯೋಗ ಬೇಡ.

ಸಲಕರಣೆಯ ವಿಷಯಕ್ಕೆ ಬಂದರೆ, ಚಂದದ ಪೆಟ್ಟಿಗೆಯಲ್ಲಿ ಹತ್ತಿಪ್ಪತ್ತು ಸಾಮಾನು ತುಂಬಿದ ರಿಪೇರಿ ಕಿಟ್ ಕೊಳ್ಳುವ ಅಗತ್ಯ ನನಗೆ ಕಂಡಿಲ್ಲ. ಕ್ಯಾಂಡಲ್, ಲೋಹದ ಸ್ಕ್ರೇಪರ್, ಪ್ಲಾಸ್ಟಿಕ್ ಸ್ಕ್ರೇಪರ್, ಚಾಕು, ಸ್ಯಾಂಡ್‌ಪೇಪರ್, ವಜ್ರದ ಕಲ್ಲು, ಮೇಣ, ಬಿಸಿ ಸ್ಥಿರವಾಗಿ ಹಿಡಿಯುವ ಒಂದು ಇಸ್ತ್ರಿ. ಇಷ್ಟಿದ್ದರೆ ಮನೆಮಂದಿಯ ಸ್ಕೀಗಳೆಲ್ಲ ವರ್ಷಗಟ್ಟಲೆ ಓಡುತ್ತವೆ. ಆ ಕಿಟ್‌ನ ಹಣಕ್ಕೆ ಒಂದು ಜೊತೆ ಹಳೆಯ ಸ್ಕೀ ಕೊಂಡರೆ ಇನ್ನೂ ಲಾಭ. ರಾಕ್ ಸ್ಕೀ ಎಂದು ಕರೆದು, ತೆಳು ಹಿಮದ ದಿನಗಳಿಗೆಂದೇ ಅಂಥದ್ದೊಂದನ್ನು ಇಟ್ಟುಕೊಳ್ಳುವುದು ಇಲ್ಲಿನ ಹಳಬರ ರೂಢಿ. ನವೆಂಬರಿನಲ್ಲಿ ಅದನ್ನು ಕಲ್ಲಿಗೆ ಬಿಟ್ಟುಕೊಟ್ಟು, ಹೊಸದನ್ನು ಜನವರಿಗೆ ಕಾಯಿಸುತ್ತಾರೆ. ತೇಪೆ ಹಾಕುವ ಕೈ ಪಳಗುವುದಕ್ಕೂ ಆ ಹಳೆಯ ಜೊತೆಯೇ ವಾಸಿ, ಕೆಟ್ಟರೆ ಎದೆ ಒಡೆಯುವುದಿಲ್ಲ.

"ಹಾಕಿದ ತೇಪೆ ಎಷ್ಟು ದಿನ ಬಾಳುತ್ತೆ ಸರ್?" ಎಂಬುದು ಎಲ್ಲರ ಕಡೆಯ ಪ್ರಶ್ನೆ. ಮುಂದಿನ ಕಲ್ಲಿನವರೆಗೆ ಎಂಬುದೇ ಪ್ರಾಮಾಣಿಕ ಉತ್ತರ. ಕ್ಯಾಂಡಲಿನ ತೇಪೆ ಒಂದು ಋತು ಕಳೆದರೆ ಲಾಭವೆಂದುಕೊಳ್ಳಿ, ಎದ್ದರೆ ಮತ್ತೆ ಹಾಕಿ. ಪ್ರತಿ ಸಲ ಬೆಟ್ಟದಿಂದ ಬಂದಾಗ ಒರೆಸುವ ನೆಪದಲ್ಲಿ ತಳದ ಮೇಲೆ ಒಮ್ಮೆ ಕೈಯಾಡಿಸುವ ಅಭ್ಯಾಸ ತೇಪೆಗಿಂತ ದೊಡ್ಡ ರಿಪೇರಿ. ಸ್ಕೀಯನ್ನು ಕೈಬಿಡಬೇಕಾದ ಸೂಚನೆಯೂ ಆ ಕೈಗೇ ಸಿಗುತ್ತದೆ: ಪದರ ಬಿಟ್ಟು ಉಬ್ಬಿದ ಜಾಗ, ಒತ್ತಿದಾಗ ಕುಸಿಯುವ ಮರ, ಬುಡ ಸಡಿಲಾದ ಎಡ್ಜ್. ಅಂಥ ಸ್ಕೀಗೆ ಯಾವ ತೇಪೆಯೂ ಇಲ್ಲ, ಅದನ್ನು ತೊಟ್ಟು ಇಳಿಯುವುದು ಅಪಾಯ. ಅದರ ತಳ ಒಂದೂ ಗೀರಿಲ್ಲದೆ ಫಳಫಳ ಹೊಳೆಯುತ್ತಿದ್ದರೂ ಮಾತು ಬದಲಾಗುವುದಿಲ್ಲ. ಮೈತುಂಬ ಗೀರಿದ್ದೂ ಒಳಗೆ ಒಣಗಿರುವ ಸ್ಕೀಯನ್ನು ಮಾತ್ರ ಯಾರ ಮಾತು ಕೇಳಿಯೂ ಎಸೆಯಬೇಡಿ.